ಸೆಟ್ ವಿನ್ಯಾಸಕ್ಕೆ ಇಳಿಯುವ ಮುನ್ನ ಟೇಪು ಹಿಡಿಯಿರಿ

ರಂಗಸಜ್ಜಿಕೆಯ ಕೆಲಸ ಹುಡುಕಿ ಬರುವವರ ಫೈಲಿನಲ್ಲಿ ಚೆಂದದ ಚಿತ್ರಗಳಿರುತ್ತವೆ. ನಿರ್ದೇಶಕರಿಗೆ ಹಿಡಿಸುತ್ತದೆ. ಬಡಗಿ ‘ಇದು ಎಷ್ಟು ಅಡಿ?’ ಎಂದಾಗ ಉತ್ತರವಿರುವುದಿಲ್ಲ.

ಮೊದಲು ತರಬೇತಿ. ಹೆಗ್ಗೋಡಿನ ನೀನಾಸಂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಸಿನಿಮಾಕ್ಕಾದರೆ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ). ಸೀಟು ಸಿಗದಿದ್ದರೆ ಊರಿನ ಹವ್ಯಾಸಿ ತಂಡದಲ್ಲಿ ಸೆಟ್ ಹೊರುವ ಕೆಲಸವಾದರೂ ಸರಿ.

ಎರಡನೆಯದು, ನಾಟಕ ಓದಿ ಯಾರು ಎಲ್ಲಿಂದ ಬರುತ್ತಾರೆ, ಎಷ್ಟು ಬಾಗಿಲು, ಎಷ್ಟು ಕುರ್ಚಿ ಎಂದು ಪಟ್ಟಿ ಮಾಡುವುದು.

ಮೂರನೆಯದು ಅಳತೆ. ಎಡವುವುದು ಇಲ್ಲೇ. ರಂಗದ ಮುಂಭಾಗದ ಅಗಲ, ಎತ್ತರ, ಆಳ, ಎರಡೂ ವಿಂಗುಗಳ (ರಂಗದ ಅಕ್ಕಪಕ್ಕದ ಮರೆಗಳ) ಜಾಗ, ಸಾಮಾನು ಒಳಬರುವ ಬಾಗಿಲು, ಎಲ್ಲವನ್ನೂ ಸ್ವತಃ ಅಳೆಯಿರಿ. ಸಭಾಂಗಣದವರು ಹೇಳುವ ಆಳ ಹಿಂಗೋಡೆಯವರೆಗಿನದು. ಹಿಂಪರದೆ ಅದಕ್ಕಿಂತ ಎರಡು ಮೂರು ಅಡಿ ಮುಂದೆ ತೂಗುತ್ತಿರುತ್ತದೆ. ಆಮೇಲೆ ನಕ್ಷೆಯಲ್ಲಿ ಮೊದಲ ಸಾಲಿನ ಎಡತುದಿಯ ಸೀಟಿನಿಂದ ರಂಗದ ಎಡ ಕಂಬದ ಒಳ ಅಂಚಿಗೆ ತಾಗಿಸಿ ಹಿಂಪರದೆವರೆಗೆ ಗೆರೆ ಎಳೆಯಿರಿ. ಬಲಕ್ಕೂ ಹಾಗೇ. ಎರಡು ಗೆರೆಗಳ ನಡುವಿನ ಜಾಗವಷ್ಟೇ ಎಲ್ಲರಿಗೂ ಕಾಣುವುದು. ಮುಖ್ಯ ಬಾಗಿಲು ಅದರಾಚೆ ಹೋಗಬಾರದು. ಅದೇ ಎಡ ಸೀಟಿನಿಂದ ಬಲ ಕಂಬಕ್ಕೆ ತಾಗಿಸಿ ಹಿಂದಕ್ಕೆ ಗೆರೆ ಎಳೆದರೆ, ಬಲ ವಿಂಗಿನಲ್ಲಿ ಕಾದು ನಿಂತ ನಟ ಪ್ರೇಕ್ಷಕರಿಗೆ ಕಾಣುತ್ತಾನೋ ಇಲ್ಲವೋ ತಿಳಿಯುತ್ತದೆ.

ನಾಲ್ಕನೆಯದು ಮಾದರಿ, ಅಂದರೆ ಸೆಟ್‌ನ ಪುಟ್ಟ ಪ್ರತಿರೂಪ. ಪುಸ್ತಕಗಳು 1:25, ಅಂದರೆ ನಿಜದ ಇಪ್ಪತ್ತೈದನೇ ಒಂದು ಭಾಗ, ಅನ್ನುತ್ತವೆ. ಅದನ್ನು ಬಿಡಿ. ನಮ್ಮ ಬಡಗಿಗಳ ಲೆಕ್ಕ ಅಡಿ-ಇಂಚಿನದು. ಒಂದು ಅಡಿಗೆ ಅರ್ಧ ಇಂಚು ಇಟ್ಟುಕೊಳ್ಳಿ. 30 ಅಡಿಯ ರಂಗ 15 ಇಂಚು, 7 ಅಡಿಯ ಬಾಗಿಲು ಮೂರೂವರೆ ಇಂಚು. ಗೋಡೆ ಕತ್ತರಿಸುವ ಮುಂಚೆಯೇ ಐದೂವರೆ ಅಡಿಯ ಮನುಷ್ಯನನ್ನು, ಅಂದರೆ ಎರಡೂಮುಕ್ಕಾಲು ಇಂಚಿನ ರಟ್ಟಿನ ಬೊಂಬೆಯನ್ನು, ಮಾಡಿ ನಿಲ್ಲಿಸಿ. ಅವನಿಲ್ಲದ ಮಾದರಿಯಲ್ಲಿ ಮೆಟ್ಟಿಲುಗಳು ಮೊಣಕಾಲೆತ್ತರಕ್ಕೆ ಬೆಳೆಯುತ್ತವೆ. ಮಾದರಿಗೆ ಬಳಸುವ ಫೋಮ್ ಬೋರ್ಡಿನ (ಎರಡು ಕಾಗದಗಳ ನಡುವೆ ಫೋಮ್ ಇರುವ ಹಗುರ ಹಲಗೆಯ) ಒಂದೇ ಬದಿಗೆ ಬಣ್ಣ ಬಳಿದರೆ ಸೊಟ್ಟಗಾಗುತ್ತದೆ. ಎರಡೂ ಬದಿಗೆ ಬಳಿಯಿರಿ. ಥರ್ಮಾಕೋಲ್ ಬೇಡವೇ ಬೇಡ. ಸ್ಪ್ರೇ ಪೇಂಟ್ ತಾಗಿದರೆ ಕರಗುತ್ತದೆ, ರಂಗದ ಮೇಲಾದರೆ ಬೆಂಕಿಗೂ ಬೇಗ ತುತ್ತು.

ಕಟ್ಟುವುದು ಬಡಗಿಯ ಕೆಲಸ; ಸಾಗಿಸುವ ಲೆಕ್ಕ ನಿಮ್ಮದು. ಟಾಟಾ ಏಸ್‌ನ ಹಿಂಭಾಗ ಸುಮಾರು ಏಳು ಅಡಿ. ಎಂಟಡಿಯ ಚೌಕಟ್ಟಿಗೆ ನಡುವೆ ಕೀಲು ಹಾಕಿಸಿ, ಮಡಚುವಂತಿರಲಿ. ಬಣ್ಣಕ್ಕೆ ಡಿಸ್ಟೆಂಪರ್ ಸಾಕು. ಹೊಳೆಯುವ ಎನಾಮೆಲ್ ಮೇಲೆ ದೀಪ ಬಿದ್ದರೆ ಗೋಡೆಯೇ ಕನ್ನಡಿ.

ಸಿನಿಮಾಕ್ಕೆ ಹೋಗುವವರಿಗೆ ಬೇರೆ ಲೆಕ್ಕ. ಕ್ಯಾಮೆರಾ ಹಿಂದೆ ಸರಿಯಲು ಒಂದು ಗೋಡೆಯನ್ನಾದರೂ ಕಿತ್ತಿಡುವಂತೆ ಕಟ್ಟಿಸಬೇಕು. ನಾಟಕದಲ್ಲಿ ಹತ್ತನೇ ಸಾಲಿಗೆ ಕಾಣದ ಹಲಗೆಗಳ ಸಂದು ಕ್ಲೋಸಪ್ಪಿನಲ್ಲಿ ಬಾಯ್ಬಿಡುತ್ತದೆ. ಕಲಾ ನಿರ್ದೇಶಕರ ಬಳಿ ಸಹಾಯಕರಾಗಿ ಸೇರಿದವರಿಗೆ ಮೊದಲು ಸಿಗುವುದು ಪರಿಕರಗಳ ಪಟ್ಟಿ, ಕಂಟಿನ್ಯುಟಿ ಫೋಟೊ (ಮುಂದಿನ ಶಾಟ್‌ಗೂ ವಸ್ತುಗಳು ಇದ್ದಲ್ಲೇ ಇರುವಂತೆ ತೆಗೆದಿಡುವ ಫೋಟೊ). ಬೇಸರಪಡಬೇಡಿ.

ಕೊನೆಗೆ ಫೈಲು. ಮೂರು ಕೆಲಸ ಸಾಕು, ಪ್ರತಿಯೊಂದಕ್ಕೂ ಅಳತೆಯ ನಕ್ಷೆ, ಮಾದರಿಯ ಫೋಟೊ, ಪ್ರದರ್ಶನದ ಫೋಟೊ. ಮಾದರಿಯನ್ನು ಮೇಲಿನಿಂದ ತೆಗೆಯಬೇಡಿ. ಫೋನನ್ನು ಮೇಜಿಗೆ ತಾಗಿಸಿ, ಆ ರಟ್ಟಿನ ಮನುಷ್ಯನ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ.