ಸರ್ವರ್‌ಗೆ ಬೀಗ ಹಾಕುವಾಗ ನೀವೇ ಹೊರಗುಳಿಯಬೇಡಿ

ಜಯನಗರದ ಮನೆಯಲ್ಲಿ ಕೂತು ಮುಂಬೈನ ಡೇಟಾ ಸೆಂಟರ್‌ನಲ್ಲಿರುವ ಸರ್ವರ್ ನಡೆಸುವುದು ಈಗ ದೊಡ್ಡ ಕಂಪನಿಯವರ ಕೆಲಸವಷ್ಟೇ ಅಲ್ಲ. ಸಣ್ಣ ಅಂಗಡಿಯ ವೆಬ್‌ಸೈಟಿಗೂ ಬಾಡಿಗೆಯ ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್ ಸಾಕು. ಅದರೊಳಗೆ ಹೋಗುವ ದಾರಿ ಎಸ್‌ಎಸ್‌ಎಚ್, ಅಂದರೆ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕಲ್ಪಿಸುವ ವ್ಯವಸ್ಥೆ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದ ಮೇಲೆ, 1995ರಲ್ಲಿ ತಾತು ಯ್ಲೊನೆನ್ ಇದನ್ನು ಬರೆದರು. ಈ ದಾರಿಗೆ ಬೀಗ ಹಾಕುವುದರಲ್ಲಿ ಕಷ್ಟದ್ದೇನೂ ಇಲ್ಲ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ತಪ್ಪಿದರೆ ಕೆಲಸ ಕೆಟ್ಟಿತು. (ಕೆಳಗಿನ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.)

ಮೊದಲು ಕೀ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಗುರುತು ಸಾಬೀತುಪಡಿಸುವ ಫೈಲ್ ಜೋಡಿ. ವಿಂಡೋಸ್ 10, 11ರಲ್ಲಿ ಪವರ್‌ಶೆಲ್, ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಎಂದು ಕೊಡಿ. ಪಾಸ್‌ಫ್ರೇಸ್ (ಕೀಗೆ ಹಾಕುವ ಗುಪ್ತಪದ) ಕೇಳಿದಾಗ ಸುಮ್ಮನೆ ಎಂಟರ್ ಒತ್ತಬೇಡಿ. ಲ್ಯಾಪ್‌ಟಾಪ್ ಕಳುವಾದ ದಿನ ಕಾಪಾಡುವುದು ಅದೊಂದೇ. ಎರಡು ಫೈಲ್ ಹುಟ್ಟುತ್ತವೆ. ‘ಡಾಟ್ ಪಬ್’ ಎಂದಿರುವುದು ಸರ್ವರ್‌ಗೆ. ಇನ್ನೊಂದು ನಿಮ್ಮ ಯಂತ್ರ ಬಿಟ್ಟು ಎಲ್ಲಿಗೂ ಹೋಗಕೂಡದು, ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ.

ಮೊದಲ ಸಲ ಸಂಪರ್ಕಿಸಿದಾಗ ಫಿಂಗರ್‌ಪ್ರಿಂಟ್ (ಸರ್ವರ್‌ನ ಗುರುತಿನ ಅಕ್ಷರಸಾಲು) ತೋರಿಸಿ ‘ಮುಂದುವರಿಸಲೇ?’ ಎಂದು ಕೇಳುತ್ತದೆ. ಎಲ್ಲರೂ ಕಣ್ಣುಮುಚ್ಚಿ ಯೆಸ್ ಎನ್ನುವುದು ಇಲ್ಲೇ. ಸರ್ವರ್ ಕೊಟ್ಟವರ ವೆಬ್ ಕನ್ಸೋಲ್ ತೆರೆದು ಅಲ್ಲಿನ ಫಿಂಗರ್‌ಪ್ರಿಂಟ್ ಜೊತೆ ತಾಳೆ ನೋಡಿ. ಮುಂದೆಂದಾದರೂ ಗುರುತು ಬದಲಾಗಿದೆ ಎಂಬ ದೊಡ್ಡಕ್ಷರದ ಎಚ್ಚರಿಕೆ ಬಂದರೆ, ಸರ್ವರನ್ನು ನೀವೇ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಮಾತ್ರ ಹಳೇ ದಾಖಲೆ ಅಳಿಸಿ. ಇಲ್ಲವಾದರೆ ಅಲ್ಲಿಗೇ ನಿಲ್ಲಿಸಿ.

ಒಳಗೆ ಹೋದ ಮೇಲೆ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿಯೇ ಉಳಿಯಬೇಡಿ. ‘ಆ್ಯಡ್‌ಯೂಸರ್’ನಿಂದ ಹೊಸ ಬಳಕೆದಾರನನ್ನು ಮಾಡಿ, ‘ಯೂಸರ್‌ಮಾಡ್ -ಎಜಿ ಸುಡೋ’ ಎಂದು ಬೇಕಾದಾಗ ರೂಟ್‌ನ ಕೆಲಸ ಮಾಡುವ ಅಧಿಕಾರ ಕೊಡಿ (ಎ ಸಣ್ಣದು, ಜಿ ದೊಡ್ಡದು, ಆ ಎ ಬಿಟ್ಟರೆ ಮಿಕ್ಕ ಗುಂಪುಗಳೆಲ್ಲ ಹೋಗುತ್ತವೆ). ಆಮೇಲೆ ಆ ಬಳಕೆದಾರನಿಗೇ ಕೀ ಸೇರಿಸಿ. ಮ್ಯಾಕ್, ಲಿನಕ್ಸ್‌ನಲ್ಲಿ ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಇದೆ. ವಿಂಡೋಸ್‌ನಲ್ಲಿ ಅದಿಲ್ಲ, ಆಥರೈಸ್ಡ್ ಕೀಸ್ ಫೈಲಿಗೆ ‘ಡಾಟ್ ಪಬ್’ನಲ್ಲಿರುವ ಸಾಲನ್ನು ಕೈಯಾರೆ ಪೇಸ್ಟ್ ಮಾಡಬೇಕು. ಕೀ ಒಂದೇ ಸಾಲಿನಲ್ಲಿರಲಿ, ಮಧ್ಯೆ ಮುರಿದರೆ ನಡೆಯದು. ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಫೈಲಿಗೆ 600 ಅನುಮತಿ, ಅಂದರೆ ಮಾಲೀಕನಿಗೆ ಮಾತ್ರ. ಎರಡರ ಮಾಲೀಕನೂ ಆ ಬಳಕೆದಾರನೇ ಆಗಿರಬೇಕು. ಹೋಮ್ ಫೋಲ್ಡರ್‌ಗೆ ಬೇರೆಯವರು ಬರೆಯುವಂತಿದ್ದರೂ ಸರ್ವರ್ ಕೀಯನ್ನು ನಂಬುವುದಿಲ್ಲ. ನಿಮಗೆ ಕಾಣುವುದು ‘ಪರ್ಮಿಷನ್ ಡಿನೈಡ್’ ಅಷ್ಟೇ. ನಿಜವಾದ ಕಾರಣ ಸರ್ವರ್‌ನ ಆಥ್ ಲಾಗ್ ಎಂಬ ಲಾಗಿನ್ ದಾಖಲೆಯಲ್ಲಿರುತ್ತದೆ.

ಕೀ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲಷ್ಟೇ ಪಾಸ್‌ವರ್ಡ್ ಬಾಗಿಲು ಮುಚ್ಚಬೇಕು. ‘ಪಾಸ್‌ವರ್ಡ್ಅಥೆಂಟಿಕೇಶನ್ ನೋ’, ‘ಪರ್ಮಿಟ್‌ರೂಟ್‌ಲಾಗಿನ್ ನೋ’ ಎಂಬ ಎರಡು ಸಾಲು ಸಾಕು. ಆದರೆ ಉಬುಂಟುವಿನಲ್ಲಿ ಬೀಳುವಂಥ ಒಂದು ಹೊಂಡ ಇದೆ. ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ) ಒಂದೇ ಸೆಟ್ಟಿಂಗ್ ಎರಡು ಕಡೆ ಕಂಡರೆ ಮೊದಲು ಓದಿದ್ದನ್ನೇ ಹಿಡಿಯುತ್ತದೆ. ಅದರ ಮುಖ್ಯ ಸೆಟ್ಟಿಂಗ್ ಫೈಲಿನ ಮೇಲ್ಭಾಗದಲ್ಲೇ ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ’ ಫೋಲ್ಡರನ್ನು ಓದಿಸುವ ಸಾಲಿದೆ. ಬಹಳಷ್ಟು ಕ್ಲೌಡ್ ಸರ್ವರ್‌ಗಳಲ್ಲಿ ಅದರೊಳಗೆ ‘50-ಕ್ಲೌಡ್-ಇನಿಟ್’ ಎಂಬ ಫೈಲ್ ಪಾಸ್‌ವರ್ಡ್‌ಗೆ ಯೆಸ್ ಅಂದಿರುತ್ತದೆ. ನೀವು ಕೆಳಗೆ ನೋ ಬರೆದು ನೆಮ್ಮದಿಯಾಗಿರುತ್ತೀರಿ, ಬಾಗಿಲು ಮಾತ್ರ ತೆರೆದೇ ಇರುತ್ತದೆ. ಅದೇ ಫೋಲ್ಡರ್‌ನಲ್ಲಿ 00 ಎಂದು ಹೆಸರು ಶುರುವಾಗುವ ನಿಮ್ಮದೇ ‘ಡಾಟ್ ಕಾನ್ಫ್’ ಫೈಲ್ ಇಟ್ಟು ಆ ಎರಡು ಸಾಲು ಬರೆಯಿರಿ. ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ (ಸಣ್ಣ ಟಿ) ಅಕ್ಷರದೋಷ ಹಿಡಿಯುತ್ತದೆ. ದೊಡ್ಡ ಟಿ ಕೊಟ್ಟರೆ ಕೊನೆಗೆ ಯಾವ ಸೆಟ್ಟಿಂಗ್ ಜಾರಿಯಲ್ಲಿದೆ ಎಂದು ತೋರಿಸುತ್ತದೆ. ಆಮೇಲೆ ರೀಲೋಡ್, ಅಂದರೆ ಹೊಸ ಸೆಟ್ಟಿಂಗ್ ಓದಿಸುವುದು.

ಈಗಿರುವ ಕಿಟಕಿ ಮುಚ್ಚಬೇಡಿ. ರೀಲೋಡ್ ಮಾಡಿದರೂ ಹಳೇ ಸಂಪರ್ಕ ಕಡಿಯದು. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ, ಸುಡೋ ನಡೆಯುತ್ತದೆಯೇ ನೋಡಿ, ಆಮೇಲೆ ಮುಚ್ಚಿ.

ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ಗೂ ಇದೇ ಕ್ರಮ: ಮೊದಲು ‘ಯುಎಫ್‌ಡಬ್ಲ್ಯೂ ಅಲೋ ಓಪನ್‌ಎಸ್‌ಎಸ್‌ಎಚ್’, ಆಮೇಲೆ ‘ಎನೇಬಲ್’. ಎಸ್‌ಎಸ್‌ಎಚ್‌ನ ಬಾಗಿಲ ಸಂಖ್ಯೆಯಾದ ಪೋರ್ಟ್ 22 ಬದಲಿಸಿದರೆ ಲಾಗ್‌ನ ಗದ್ದಲ ಕಡಿಮೆಯಾಗುತ್ತದೆ, ಅದಕ್ಕಿಂತ ಹೆಚ್ಚಿನ ಭದ್ರತೆ ಸಿಗದು.

ಸಂಪರ್ಕವೇ ಆಗದಿದ್ದರೆ ಸಂದೇಶ ಓದಿ. ‘ರಿಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ‘ಟೈಮ್ಡ್ ಔಟ್’ ಎಂದರೆ ಹೆಚ್ಚಾಗಿ ಫೈರ್‌ವಾಲ್ ಅಥವಾ ತಪ್ಪು ವಿಳಾಸ.

ದೊಡ್ಡ ಅಪ್‌ಡೇಟ್‌ಗಳನ್ನು ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೇ ನಡೆಸಿ. ಕಬ್ಬನ್ ಪಾರ್ಕ್ ದಾಟಿ ಮೆಜೆಸ್ಟಿಕ್‌ವರೆಗೆ ಮೆಟ್ರೊ ಸುರಂಗದಲ್ಲಿ ಸಿಗ್ನಲ್ ಹೋದರೂ ಕೆಲಸ ಸರ್ವರ್‌ನಲ್ಲಿ ಮುಂದುವರಿಯುತ್ತದೆ. ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್’ ಎಂದರಾಯಿತು. ಹೆಪ್ಪುಗಟ್ಟಿದ ಕಿಟಕಿಯ ಸಂಪರ್ಕ ಕಡಿಯಲು ಎಂಟರ್, ಟಿಲ್ಡೆ, ಚುಕ್ಕಿ ಒಂದರ ಹಿಂದೊಂದು ಒತ್ತಿ.

ಈ ಊರಿನಲ್ಲಿ ಕೆಲಸ ಬದಲಿಸುವವರು ಹೆಚ್ಚು. ಒಬ್ಬೊಬ್ಬರಿಗೂ ಬೇರೆ ಬಳಕೆದಾರ, ಬೇರೆ ಕೀ ಇರಲಿ. ಬಿಟ್ಟುಹೋದವರ ಕೀ ಸಾಲನ್ನು ಅಂದೇ ಅಳಿಸಿ. ಅವರ ಹಳೇ ಸಂಪರ್ಕ ಅದರಿಂದ ಕಡಿಯುವುದಿಲ್ಲ, ಹಾಗಾಗಿ ‘ಹೂ’ ಕಮಾಂಡ್ ಕೊಟ್ಟು ಯಾರು ಒಳಗಿದ್ದಾರೆ ನೋಡಿ, ಇದ್ದರೆ ಆ ಬಳಕೆದಾರನ ಹೆಸರಿಗೆ ‘ಪಿಕಿಲ್ -ಯು’ ಕೊಡಿ.