ಆಫ್ ಮಾಡಿದರೂ ಬಿಸಿಯಾಗುತ್ತಿದ್ದ 2.1 ಸ್ಪೀಕರ್: ನನ್ನ ಅನುಭವ

ನನ್ನ ಕಂಪ್ಯೂಟರ್‌ನದು 2.1 ಸ್ಪೀಕರ್ ಸೆಟ್, ಅಂದರೆ ಎರಡು ಸಣ್ಣ ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಇರುವುದು ಸಬ್‌ವೂಫರ್ ಡಬ್ಬಿಯ ಒಳಗೆ. ಹಾಡು ಹಾಕದಿದ್ದರೂ ಡಬ್ಬಿ ಬಿಸಿ. ಆಫ್ ಮಾಡಿದರೂ ಬಿಸಿ. ಅದಕ್ಕೇ ಬಿಚ್ಚಿ ನೋಡಿದೆ.

ಸ್ವಿಚ್ ಇದ್ದದ್ದು ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಆದಮೇಲೆ. ಹಾಗಾಗಿ ಪ್ಲಗ್ ಹಾಕಿರುವಷ್ಟು ಹೊತ್ತೂ ಟ್ರಾನ್ಸ್‌ಫಾರ್ಮರ್‌ಗೆ 230 ವೋಲ್ಟ್ ಹೋಗುತ್ತಲೇ ಇತ್ತು. ಮೀಟರ್ ಹಾಕಿದರೆ ಸುಮ್ನೆ 5 ವ್ಯಾಟ್ ತಿನ್ನುತ್ತಿತ್ತು. ವರ್ಷವಿಡೀ ಹೀಗೇ ಬಿಟ್ಟರೆ 44 ಯೂನಿಟ್ ಆಗುತ್ತದೆ, ಕಡಿಮೆಯೇನಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಮುಂಚೆಯೇ ಫ್ಯೂಸ್ ಮತ್ತು ರಾಕರ್ ಸ್ವಿಚ್ ಹಾಕಿದೆ. ಎರಡು ಪಿನ್ನಿನ ಪ್ಲಗ್ ಹೇಗೆ ಬೇಕಾದರೂ ತಿರುಗುತ್ತದೆ, ಅಲ್ವಾ? ಅದಕ್ಕೇ ಎರಡೂ ವೈರ್ ಕಡಿಯುವ ಸ್ವಿಚ್ ಆರಿಸಿಕೊಂಡೆ.

ಆಮೇಲೆ ಆಂಪ್ಲಿಫೈಯರ್. ಒಂದೇ ಸಣ್ಣ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡು) ಮೂರು ಟಿಡಿಎ 2030 ಐಸಿ, ಅಂದರೆ ಆಂಪ್ಲಿಫೈಯರ್ ಚಿಪ್. ಇವು ಕ್ಲಾಸ್ ಎಬಿ, ಸದ್ದಿಲ್ಲದಾಗಲೂ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುವ ಬಗೆ. ಹಾಡಿಲ್ಲದಿದ್ದರೂ ಒಂದೊಂದೂ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತವೆ. 12-0-12 ಟ್ರಾನ್ಸ್‌ಫಾರ್ಮರ್‌ (ನಡುವಿನ ವೈರ್‌ನಿಂದ ಎರಡೂ ಕಡೆ 12 ವೋಲ್ಟ್ ಎಸಿ) ಕೊಟ್ಟದ್ದು ಡಿಸಿ ಆದಮೇಲೆ ಸಿಗುವುದು ಪ್ಲಸ್ 17, ಮೈನಸ್ 17, ಒಟ್ಟು 34 ವೋಲ್ಟ್. ಲೆಕ್ಕ ಹಾಕಿದರೆ ಮೂರೂ ಸೇರಿ 4 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ರಾತ್ರಿ ಕರೆಂಟ್ 250 ವೋಲ್ಟ್‌ಗೆ ಏರಿದರೆ ಆ 17 ಇದ್ದದ್ದು 18 ದಾಟುತ್ತದೆ. ಈ ಐಸಿ ತಾಳುವುದೇ 18. ಅದಕ್ಕೆ 22 ತಾಳುವ ಟಿಡಿಎ 2030ಎ ಹಾಕಿದೆ. ಪಿನ್‌ಗಳೆಲ್ಲ ಅವೇ. ಡಬ್ಬಿ ಬಿಚ್ಚುವ ಮೊದಲು ಪ್ಲಗ್ ಕೀಳಬೇಕು, ಒಳಗೆ ಕೈ ಹಾಕುವ ಮೊದಲು ಚಾರ್ಜ್ ಹಿಡಿದಿಟ್ಟುಕೊಂಡಿರುವ ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಇಟ್ಟು ಖಾಲಿ ಮಾಡಲೇಬೇಕು.

ಮುಚ್ಚಿದ ಡಬ್ಬಿಯೊಳಗೆ ಹೀಟ್‌ಸಿಂಕ್ ಎಷ್ಟು ದೊಡ್ಡದಿದ್ದರೂ ಬಿಸಿಗೆ ಹೋಗಲು ದಾರಿಯಿಲ್ಲ. ನಾನು ಐಸಿಗಳನ್ನು ಹಿಂಬದಿಯ ಅಲ್ಯೂಮಿನಿಯಂ ಪ್ಲೇಟಿಗೆ ಬಿಗಿದು, ಪ್ಲೇಟಿನ ಹೊರಗೆ ರೆಕ್ಕೆಗಳಿರುವ ಹೀಟ್‌ಸಿಂಕ್ ಕೂರಿಸಿದೆ. ರೆಕ್ಕೆಗಳು ನಿಂತಿರಬೇಕು, ಆಗ ಬಿಸಿಗಾಳಿ ಮೇಲೆ ಹೋಗುತ್ತದೆ. ಇಲ್ಲಿ ಒಂದು ಎಚ್ಚರ. ಟಿಡಿಎ 2030ರ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿದೆ. ಪ್ಲೇಟ್ ಗ್ರೌಂಡ್‌ಗೆ ಸೇರಿದೆ. ಎರಡೂ ತಾಗಿದರೆ ಶಾರ್ಟ್. ಅದಕ್ಕೇ ನಡುವೆ ಕರೆಂಟ್ ತಡೆದು ಬಿಸಿ ಬಿಡುವ ಮೈಕಾ ಶೀಟ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್, ಮೈಕಾದ ಎರಡೂ ಬದಿಗೆ ಬಿಸಿ ಚೆನ್ನಾಗಿ ದಾಟಲು ತೆಳ್ಳಗೆ ಥರ್ಮಲ್ ಪೇಸ್ಟ್ ಹಾಕಿದೆ. ಕರೆಂಟ್ ಕೊಡುವ ಮೊದಲು ಐಸಿಯ ಬೆನ್ನಿಗೂ ಪ್ಲೇಟಿಗೂ ಮಲ್ಟಿಮೀಟರ್ ಇಟ್ಟು ಬೀಪ್ ಆಗದಿರುವುದನ್ನು (ಅಂದರೆ ತಾಗಿಲ್ಲ) ಪ್ರತಿ ಐಸಿಗೂ ನೋಡಿಕೊಂಡೆ.

ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. 85 ಡಿಗ್ರಿವರೆಗೆ ತಾಳುವವು ತೆಗೆದು 105 ಡಿಗ್ರಿ ತಾಳುವವು ಹಾಕಿದೆ. ಇವು 10 ಡಿಗ್ರಿ ತಣ್ಣಗಿದ್ದರೆ ಆಯಸ್ಸು ಸುಮಾರು ದುಪ್ಪಟ್ಟಾಗುತ್ತದೆ.

ಈಗ ಸಂಜೆಯೆಲ್ಲಾ ಹಾಡು ಹಾಕಿದರೂ ಹೀಟ್‌ಸಿಂಕ್ ಮೇಲೆ ಕೈ ಇಡಬಹುದು. ಆಫ್ ಮಾಡಿದರೆ ಮೀಟರ್‌ನಲ್ಲಿ ಸೊನ್ನೆ.

ಆಂಪ್ಲಿಫೈಯರ್ ಬೋರ್ಡನ್ನೇ ಬದಲಾಯಿಸುವವರು ಕ್ಲಾಸ್ ಡಿ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಬಗೆ) ಹಾಕಿ, ಬಿಸಿ ತುಂಬಾ ಕಡಿಮೆ. ಆದರೆ ಟಿಪಿಎ 3118 ತರಹದ ಕ್ಲಾಸ್ ಡಿ ಐಸಿಗೆ 26 ವೋಲ್ಟ್ ಮೀರಬಾರದು. ಹಳೇ ಟ್ರಾನ್ಸ್‌ಫಾರ್ಮರ್‌ನ 34 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ. 24 ವೋಲ್ಟ್‌ನ ಬೇರೆ ಅಡಾಪ್ಟರ್ ತಂದುಕೊಳ್ಳಿ.