ಬ್ರಿಟನ್ನಿನಲ್ಲಿ ಮನೆ ಫೋನ್ ಬದಲಾಗುವ ಮುಂಚೆ

ವಿಜಯಪುರದ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತಿತ್ತು, ಟಿವಿ ನಿಲ್ಲುತ್ತಿತ್ತು. ಫೋನ್ ಮಾತ್ರ ನಿಲ್ಲುತ್ತಿರಲಿಲ್ಲ. ಅದಕ್ಕೆ ಬೇಕಾದ ಸುಮಾರು 50 ವೋಲ್ಟ್ ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜ್‌ನಿಂದ ಬರುತ್ತಿತ್ತು. ಬ್ರಿಟನ್ನಿನಲ್ಲೂ ಇಷ್ಟು ವರ್ಷ ಹೀಗೇ ಇತ್ತು. ಇಲ್ಲಿನ ಹಳೆ ಫೋನ್ ಜಾಲವನ್ನು 2027ರ ಜನವರಿ ಕೊನೆಗೆ ಪೂರ್ತಿ ನಿಲ್ಲಿಸುತ್ತಾರೆ. ಆಮೇಲೆ ಮನೆ ಫೋನಿನ ಮಾತೆಲ್ಲ ಇಂಟರ್ನೆಟ್ ಮೂಲಕವೇ.

ಬದಲಾಯಿಸುವ ಕೆಲಸ ದೊಡ್ಡದೇನಲ್ಲ. ಕಂಪನಿಯವರು ತಿಳಿಸಿದ ದಿನ ಫೋನಿನ ವೈರನ್ನು ಗೋಡೆಯ ಸಾಕೆಟ್‌ನಿಂದ ಕಿತ್ತು ರೂಟರ್ ಹಿಂದೆ ಸಿಕ್ಕಿಸಬೇಕು. ಹೆಚ್ಚಾಗಿ ಹಳೆ ಫೋನೇ ನಡೆಯುತ್ತದೆ, ನಂಬರೂ ಅದೇ ಉಳಿಯುತ್ತದೆ. ಅದೇ ಊರಿನೊಳಗೆ ಫೋನ್ ಮಾಡುವಾಗಲೂ ಏರಿಯಾ ಕೋಡ್ ಸೇರಿಸಿ ಒತ್ತಬೇಕು. ಬೇರೆ ಕಂಪನಿಗೆ ಹೋಗುವುದಾದರೆ ಹಳೆ ಲೈನನ್ನು ನೀವಾಗಿ ಕ್ಯಾನ್ಸಲ್ ಮಾಡಿಸಬೇಡಿ. ಲೈನ್ ಜೊತೆ ನಂಬರೂ ಹೋಗಿಬಿಡಬಹುದು. ಹೊಸ ಕಂಪನಿಗೆ ನಂಬರ್ ಬಂದು ಸೇರುವ ತನಕ ಕಾಯಿರಿ.

ನನಗೆ ಚಿಂತೆ ಇರುವುದು ಕರೆಂಟಿನದು.

ಹೋದ ಚಳಿಗಾಲ ಒಂದು ಸಂಜೆ ನಮ್ಮ ಬೀದಿಯ ಕರೆಂಟ್ ಹೋಯಿತು. ನಮ್ಮ ಫೋನ್ ಆಗಲೇ ರೂಟರಿಗೆ ಬದಲಾಗಿತ್ತು. ನಾನು ಕೆಲಸದಲ್ಲಿದ್ದೆ. ಮನೆಯಲ್ಲಿ ಅವ್ವ ಒಬ್ಬಳೇ. ಇಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ. ನಾನು ಬಂದಾಗ ಶಾಲು ಹೊದ್ದು ಕಿಟಕಿ ಹತ್ತಿರ ಕೂತಿದ್ದಳು, ರಿಸೀವರ್ ಇನ್ನೂ ಮಡಿಲಲ್ಲೇ ಇತ್ತು. "ಫೋನ್ ಸತ್ತೈತೋ ತಮ್ಮಾ. ಊರಾಗ ಕರೆಂಟ್ ಹೋದ್ರೂ ಫೋನ್ ಇರ್ತಿತ್ತಲ್ಲ" ಎಂದಳು. ರೂಟರ್ ಆರಿದರೆ ಫೋನೂ ಆರುತ್ತದೆ ಎಂದು ಅವಳಿಗೆ ನಾನು ಹೇಳಿರಲೇ ಇಲ್ಲ.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಅವರ ಹತ್ತಿರ ಮೊಬೈಲ್ ಇಲ್ಲದಿದ್ದರೆ, ಅಥವಾ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರದಿದ್ದರೆ, ಕಂಪನಿಗೆ ಮೊದಲೇ ಹೇಳಿ. ಹೀಗೆ ಮನೆ ಫೋನನ್ನೇ ನೆಚ್ಚಿದವರಿಗೆ ಕರೆಂಟ್ ಹೋದಾಗಲೂ ಕನಿಷ್ಠ 1 ತಾಸು ತುರ್ತು ಸಹಾಯದ ನಂಬರ್ 999ಕ್ಕೆ ಕರೆ ಮಾಡಲು ಆಗಬೇಕು, ಅದಕ್ಕೆ ಕಂಪನಿಯೇ ವ್ಯವಸ್ಥೆ ಮಾಡಬೇಕು ಎಂದು ಇಲ್ಲಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ಹೇಳಿದೆ. ಸಾಮಾನ್ಯವಾಗಿ ಬ್ಯಾಟರಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಒಂದು ತಾಸು ನನಗೆ ಕಡಿಮೆ ಅನಿಸಿತು, ಅದಕ್ಕೆ ರೂಟರಿಗೆ ಒಂದು ಚಿಕ್ಕ ಯುಪಿಎಸ್ ಕೂಡ ತಂದಿಟ್ಟೆ.

ಬಿದ್ದಾಗ ಒತ್ತಲೆಂದು ಕೊರಳಲ್ಲಿ ಹಾಕಿಕೊಳ್ಳುವ ಅಲಾರಂ ಬಟನ್ ಇದೆಯಾ? ಹಾಗಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಲೈನ್ ಬದಲಾದ ಮೇಲೆ ಇವು ಕೆಲಸ ಮಾಡದೆ ಹೋದ ಗಂಭೀರ ಪ್ರಕರಣಗಳು ಬಂದವು. 2023ರ ಡಿಸೆಂಬರಿನಲ್ಲಿ ಸರ್ಕಾರ ಕಂಪನಿಗಳಿಂದ ಸುರಕ್ಷತೆಯ ಭರವಸೆ ಬರೆಸಿಕೊಂಡಿದ್ದು ಇದೇ ಕಾರಣಕ್ಕೆ. ಬದಲಾಯಿಸುವ ಮೊದಲು ಅಲಾರಂ ಕಂಪನಿಗೂ ಫೋನ್ ಕಂಪನಿಗೂ ತಿಳಿಸಿ. ಬದಲಾದ ದಿನವೇ ಬಟನ್ ಒತ್ತಿ ನೋಡಿ.

"ಲೈನ್ ಬದಲಾಯಿಸಬೇಕು, ಬ್ಯಾಂಕ್ ವಿವರ ಕೊಡಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಬದಲಾಯಿಸಲು ಬ್ಯಾಂಕ್ ವಿವರ ಬೇಕಿಲ್ಲ.

ಊರಿಗೆ ಫೋನ್ ಮಾಡುವ ರೀತಿ ಬದಲಾಗುವುದಿಲ್ಲ. ವಿಜಯಪುರಕ್ಕೆ 00 91 8352, ಬಾಗಲಕೋಟೆಗೆ 00 91 8354, ಬೆಳಗಾವಿಗೆ 00 91 831, ಆಮೇಲೆ ನಂಬರ್. ಹಾಂ, ಊರ ಮನೆಯಲ್ಲೂ ತಾಮ್ರ ತೆಗೆದು ಫೈಬರ್ ಹಾಕಿಸಿದ್ದರೆ ಅಲ್ಲಿಯೂ ಇದೇ ತೊಂದರೆ ಅಲ್ವಾ? ಫೈಬರ್ ಡಬ್ಬಿಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಲು ಹೇಳಿ.